ಹೊಸ ಥರ್ಮೋಸ್ಟಾಟ್ ಹಾಕಿದ ಮೇಲೆ ಹೀಟ್ ಪಂಪ್ ಪೂರ್ತಿ ನಿಂತಿದೆ. ನೀಲಿ ತಂತಿ ಎಲ್ಲಿಗೆ ಹೋಗಬೇಕು?

ಮಲೆನಾಡು_ಕ್ಯಾರಿ | ಶನಿವಾರ ಸಂಜೆ 5:40

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಅರ್ಜೆಂಟ್ ಇದೆ, ಗೊತ್ತಿರುವವರು ದಯವಿಟ್ಟು ಹೇಳಿ.

ನಾವಿರೋದು ನಾರ್ತ್ ಕೆರೊಲಿನಾದ ಕ್ಯಾರಿಯಲ್ಲಿ. ಮನೆಗೆ ಗ್ಯಾಸ್ ಇಲ್ಲ. ಬಿಸಿಗೂ ತಂಪಿಗೂ ಹೀಟ್ ಪಂಪ್ ಒಂದೇ. ಯಜಮಾನ್ರು ಕೆಲಸದ ಮೇಲೆ ಹೊರಗೆ ಹೋಗಿದ್ದಾರೆ. ಅಪ್ಪ ಅಮ್ಮ ತೀರ್ಥಹಳ್ಳಿಯಿಂದ ಬಂದು ಮೂರು ವಾರ ಆಯ್ತು. ಇವತ್ತು ರಾತ್ರಿ 28 ಡಿಗ್ರಿ ಫ್ಯಾರನ್‌ಹೀಟ್‌ಗೆ ಇಳಿಯುತ್ತೆ ಅಂತಿದೆ, ಅಂದರೆ ಸೊನ್ನೆ ಸೆಲ್ಸಿಯಸ್‌ಗಿಂತ ಕೆಳಗೆ.

ಮಧ್ಯಾಹ್ನ ಹಳೆ ಥರ್ಮೋಸ್ಟಾಟ್ ತೆಗೆದು ವೈಫೈ ಇರೋ ಹೊಸದು ಹಾಕಿದೆ. ಹಳೆಯದರಲ್ಲಿ ಆರು ತಂತಿ ಇತ್ತು, ಒಂದೊಂದು ತೂತಿನ ಪಕ್ಕ ಒಂದು ಇಂಗ್ಲಿಷ್ ಅಕ್ಷರ. ಕೆಂಪು ಆರ್‌ಗೆ, ಹಳದಿ ವೈಗೆ, ಹಸಿರು ಜಿಗೆ, ಬಿಳಿ ಡಬ್ಲ್ಯೂ2ಗೆ, ಕಿತ್ತಳೆ ಓಗೆ, ನೀಲಿ ಬಿಗೆ. ಹೊಸದರಲ್ಲಿ ಓ ಮತ್ತು ಬಿ ಬೇರೆ ಬೇರೆ ಇಲ್ಲ, ಓ/ಬಿ ಅಂತ ಒಂದೇ ತೂತಿದೆ. ಹಾಗಾಗಿ ಕಿತ್ತಳೆ, ನೀಲಿ ಎರಡನ್ನೂ ಅದಕ್ಕೇ ಸೇರಿಸಿದೆ. ಸಿ ಖಾಲಿ ಇದೆ. ಸ್ಕ್ರೀನ್ ಬಂತು, ವೈಫೈ ಹಿಡಿಯಿತು. ಓ ಅಥವಾ ಬಿ ಯಾವುದು ಅಂತ ಕೇಳಿದಾಗ ಬಿ ಅಂತ ಆರಿಸಿದೆ. ಹೀಟ್ ಒತ್ತಿದ ತಕ್ಷಣ ಸ್ಕ್ರೀನ್ ಕತ್ತಲಾಯ್ತು. ಹಳೆ ಥರ್ಮೋಸ್ಟಾಟ್ ವಾಪಸ್ ಹಾಕಿದರೆ ಅದರ ಸ್ಕ್ರೀನ್ ಬರುತ್ತೆ, ಅದಕ್ಕೆ ಬ್ಯಾಟರಿ ಇದೆ. ಆದರೆ ಒಳಗೂ ಹೊರಗೂ ಏನೂ ಓಡುತ್ತಿಲ್ಲ. ಬ್ರೇಕರ್ ಬಿದ್ದಿಲ್ಲ. ಮನೆಯೊಳಗೆ ಈಗ 64 ಡಿಗ್ರಿ. ಅಮ್ಮ ಶಾಲು ಹೊದ್ದು ಕೂತಿದ್ದಾರೆ.

ಯೂನಿಟ್ ಸುಟ್ಟುಹೋಯ್ತಾ?

ಡಾಲಸ್_ದಾವಣಗೆರೆ | 5:52

ಮೇಡಂ, ಬ್ರೇಕರ್ ಒಂದು ಸಲ ಪೂರ್ತಿ ಆಫ್ ಮಾಡಿ ಆನ್ ಮಾಡಿ ನೋಡಿ. ನಮ್ಮ ಮನೇಲಿ ಹಾಗೆ ಮಾಡಿದ್ರೆ ಸರಿಹೋಗಿತ್ತು.

ಭದ್ರಾವತಿ_ಡಿಪ್ಲೊಮಾ | 6:05

ಮೇಡಂ, ಯೂನಿಟ್ ಸುಟ್ಟಿರುವ ಸಾಧ್ಯತೆ ತುಂಬಾ ಕಡಿಮೆ. ಧೈರ್ಯವಾಗಿರಿ. ನಾನು ಶಾರ್ಲಟ್‌ನಲ್ಲಿ ಹನ್ನೊಂದು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ. ಚಳಿಗಾಲದ ಶನಿವಾರ, ಭಾನುವಾರ ಬರುವ ಫೋನುಗಳಲ್ಲಿ ಎಷ್ಟೋ ನಿಮ್ಮದೇ ಕಥೆ.

ಆಗಿರೋದು ಇಷ್ಟು. ಒಳಗಿನ ಯೂನಿಟ್‌ನಲ್ಲಿ ಒಂದು ಸಣ್ಣ ಟ್ರಾನ್ಸ್‌ಫಾರ್ಮರ್ ಇರುತ್ತದೆ. ಮನೆಯ ಕರೆಂಟನ್ನು 24 ವೋಲ್ಟ್‌ಗೆ ಇಳಿಸಿ ಥರ್ಮೋಸ್ಟಾಟ್‌ಗೆ ಕಳಿಸುವುದು ಅದೇ. ಕೆಂಪು ತಂತಿಯಲ್ಲಿ ಬಂದ 24 ವೋಲ್ಟ್ ಏನಾದರೊಂದು ಕೆಲಸ ಮಾಡಿ ಕಾಮನ್ ತಂತಿಯಲ್ಲಿ (ಹೊಸ ಥರ್ಮೋಸ್ಟಾಟ್‌ನಲ್ಲಿ ಅದರ ಜಾಗ ಸಿ) ಮರಳಬೇಕು. ಕೆಲಸ ಅಂದರೆ ಫ್ಯಾನಿನ ರಿಲೇ, ಕಂಪ್ರೆಸರ್ ಆನ್ ಮಾಡುವ ಕಾಂಟ್ಯಾಕ್ಟರ್, ಬಿಸಿ ತಂಪು ಬದಲಿಸುವ ರಿವರ್ಸಿಂಗ್ ವಾಲ್ವ್ ಇಂಥವು. ನಡುವೆ ಕೆಲಸ ಏನೂ ಇಲ್ಲದೆ ಕೆಂಪು ನೇರವಾಗಿ ಕಾಮನ್‌ಗೆ ತಾಗಿದರೆ ಶಾರ್ಟ್. ಆಗ ಯೂನಿಟ್‌ನೊಳಗಿನ ಸರ್ಕ್ಯೂಟ್ ಬೋರ್ಡಿನ ಮೇಲಿನ ಸಣ್ಣ ಫ್ಯೂಸ್ ಹೋಗುತ್ತದೆ. ಗೋಡೆಯ ಬ್ರೇಕರ್‌ಗೆ ಇದು ಗೊತ್ತೇ ಆಗುವುದಿಲ್ಲ.

ನಿಮ್ಮ ನೀಲಿ ತಂತಿ ಕಾಮನ್ ಅಂತ ನನಗೆ ಬಲವಾದ ಅನುಮಾನ. ಟ್ರೇನ್, ಅಮೆರಿಕನ್ ಸ್ಟ್ಯಾಂಡರ್ಡ್ ಹೆಸರಿನ ಹಳೆ ಸೆಟ್‌ಗಳಲ್ಲಿ ಬಿ ಅಂದರೆ ಕಾಮನ್. ರೀಮ್, ರೂಡ್‌ನಲ್ಲಿ ಬಿ ಅಂದರೆ ರಿವರ್ಸಿಂಗ್ ವಾಲ್ವ್. ಅಕ್ಷರ ಒಂದೇ, ಅರ್ಥ ಬೇರೆ. ಒಂದೇ ಥರ್ಮೋಸ್ಟಾಟ್‌ನಲ್ಲಿ ಓಗೂ ಬಿಗೂ ತಂತಿ ಇತ್ತು ಅಂದರೆ ಮೊದಲು ಅನುಮಾನ ಪಡಬೇಕಾದದ್ದು ಬಿ ಮೇಲೆ. ನೀವು ಸೆಟ್ಟಿಂಗ್‌ನಲ್ಲಿ ಬಿ ಆರಿಸಿದ್ದರಿಂದ ಹೀಟ್ ಒತ್ತಿದ ಕೂಡಲೇ ಥರ್ಮೋಸ್ಟಾಟ್ ಓ/ಬಿಗೆ 24 ವೋಲ್ಟ್ ಕೊಟ್ಟಿದೆ. ಅದು ನೀಲಿಯ ಮೂಲಕ ನೇರ ಕಾಮನ್‌ಗೆ ಹೋಗಿ ಫ್ಯೂಸ್ ಹಾರಿದೆ. ಫ್ಯೂಸ್ ಇರೋದೇ ಇದಕ್ಕೆ.

ಈಗ ಮಾಡಬೇಕಾದ್ದು. ಒಳಗಿನ ಯೂನಿಟ್‌ನ ಬ್ರೇಕರ್, ಹೊರಗಿನ ಯೂನಿಟ್‌ನ ಬ್ರೇಕರ್ ಎರಡೂ ಆಫ್ ಮಾಡಿ. ಒಂದನ್ನು ಮಾತ್ರ ಆಫ್ ಮಾಡಿ ಕೈ ಹಾಕಬೇಡಿ. ಆ ಪೆಟ್ಟಿಗೆಯೊಳಗೆ 240 ವೋಲ್ಟ್ ಕೂಡ ಇದೆ, ಅದು ಕ್ಷಮಿಸುವುದಿಲ್ಲ. ಆಮೇಲೆ ಒಳಗಿನ ಯೂನಿಟ್‌ನ ಮುಚ್ಚಳ ತೆಗೆಯಿರಿ. ಕಾರಿನಲ್ಲಿ ಇರುವಂಥದ್ದೇ ಚಪ್ಪಟೆ ಫ್ಯೂಸ್ ಬೋರ್ಡಿನ ಮೇಲೆ ಕಾಣಬೇಕು. ನೇರಳೆ ಬಣ್ಣದ್ದು 3 ಆಂಪ್, ತಿಳಿ ಕಂದು ಬಣ್ಣದ್ದು 5 ಆಂಪ್. ಎಳೆದು ಬೆಳಕಿಗೆ ಹಿಡಿಯಿರಿ. ಗೋಡೆಯಿಂದ ಬಂದ ನೀಲಿ ತಂತಿಯ ಆ ತುದಿ ಎಲ್ಲಿ ಕೂತಿದೆ, ಅಲ್ಲಿ ಏನು ಬರೆದಿದೆ ಅನ್ನೋದನ್ನೂ ನೋಡಿ ಹೇಳಿ. ಬಣ್ಣ ನಂಬಬೇಡಿ, ತುದಿ ನೋಡಿ. ತಂತಿ ಎಳೆದವರು ಆ ದಿನ ಕೈಗೆ ಸಿಕ್ಕ ಬಣ್ಣ ಹಾಕಿರಬಹುದು.

ಡಾಲಸ್ ಅವರು ಹೇಳಿದ ಬ್ರೇಕರ್ ಆನ್ ಆಫ್ ಕೆಲವು ಸಲ ನೆರವಿಗೆ ಬರುತ್ತದೆ. ಹೋದ ಫ್ಯೂಸ್ ಮಾತ್ರ ಅದರಿಂದ ಬದುಕುವುದಿಲ್ಲ.

ಅಟ್ಲಾಂಟಾ_ರಾಮನಗರ | 6:20

ಅಕ್ಕ, ದೊಡ್ಡವರು ಮನೇಲಿದ್ದಾರೆ ಅಂದ್ರಿ, ಅದಕ್ಕೆ ಮೊದಲು ಒಂದು ಮಾತು. ಅಂಗಡಿಯಿಂದ ಸ್ಪೇಸ್ ಹೀಟರ್ ತಂದರೆ ಅದನ್ನು ಗೋಡೆಯ ಪ್ಲಗ್‌ಗೇ ನೇರ ಹಾಕಿ. ಎಕ್ಸ್‌ಟೆನ್ಶನ್ ಬಾಕ್ಸ್‌ಗೆ ಹಾಕಬೇಡಿ. 1500 ವ್ಯಾಟ್ ಎಳೆಯುತ್ತೆ, ಬಾಕ್ಸ್ ಕರಗಿದ್ದನ್ನ ನಾನು ಕಣ್ಣಾರೆ ನೋಡಿದ್ದೇನೆ. ಹಾಸಿಗೆ, ಪರದೆಯಿಂದ ದೂರ ಇಡಿ. ಅಡುಗೆ ಒಲೆ ಹಚ್ಚಿ ಮನೆ ಬಿಸಿ ಮಾಡೋಕೆ ಹೋಗಬೇಡಿ.

ಮಲೆನಾಡು_ಕ್ಯಾರಿ | 7:35

ಸರ್, ನೀವು ಹೇಳಿದ ಹಾಗೇ ಇದೆ!

ಎರಡೂ ಬ್ರೇಕರ್ ಆಫ್ ಮಾಡಿದೆ. ಅಪ್ಪ ಟಾರ್ಚ್ ಹಿಡಿದರು. ನೇರಳೆ ಫ್ಯೂಸ್, ಮೇಲೆ 3 ಅಂತಿದೆ. ಒಳಗಿನ ಸಣ್ಣ ಎಳೆ ನಡುವೆ ತುಂಡಾಗಿ, ಅಲ್ಲೇ ಒಂದು ಕಪ್ಪು ಚುಕ್ಕೆ ಆಗಿದೆ. ನೀಲಿ ತಂತಿಯ ಆ ತುದಿ ಇರೋ ಕಡೆ ಬಿ ಅಂತ ಬರೆದಿದೆ, ಮುಚ್ಚಳದ ಒಳಗಿನ ಚಿತ್ರದಲ್ಲಿ ಅದರ ಪಕ್ಕ ಕಾಮನ್ ಅಂತಲೂ ಇದೆ. ಇನ್ನೊಂದು ನೀಲಿ ಅಲ್ಲಿಂದ ಹೊರಗಿನ ಯೂನಿಟ್ ಕಡೆಗೂ ಹೋಗಿದೆ.

ಕಾರಿನ ಬಿಡಿಭಾಗದ ಅಂಗಡಿ ಒಂಬತ್ತರವರೆಗೂ ತೆಗೆದಿರುತ್ತೆ. ಅಲ್ಲಿ 5 ಆಂಪ್ ಕೂಡ ಸಿಗುತ್ತಾ? ಅದನ್ನೇ ಹಾಕಿದರೆ ಮತ್ತೆ ಹೋಗಲ್ಲ ಅಲ್ವಾ?

ಭದ್ರಾವತಿ_ಡಿಪ್ಲೊಮಾ | 7:41

ಬೇಡವೇ ಬೇಡ ಮೇಡಂ. 3 ಇದ್ದ ಜಾಗಕ್ಕೆ 3. ಮನೆಗಳಲ್ಲಿ ಸಾಮಾನ್ಯವಾಗಿ ಇರುವ ಟ್ರಾನ್ಸ್‌ಫಾರ್ಮರ್ 40 ವಿಎ, ಅಂದರೆ ವೋಲ್ಟ್ ಮತ್ತು ಆಂಪ್ ಗುಣಿಸಿದರೆ 40. 24 ವೋಲ್ಟ್‌ನಲ್ಲಿ ಅದು ಕೊಡಬಲ್ಲದ್ದು ಒಂದೂಮುಕ್ಕಾಲು ಆಂಪ್‌ಗಿಂತ ಕಡಿಮೆ. ದೊಡ್ಡ ಫ್ಯೂಸ್ ಹಾಕಿದರೆ ಮುಂದಿನ ಸಲ ಫ್ಯೂಸ್ ಉಳಿದು ಟ್ರಾನ್ಸ್‌ಫಾರ್ಮರ್ ಸುಡುತ್ತದೆ.

3 ಆಂಪ್‌ನದ್ದು ನಾಲ್ಕೈದು ತನ್ನಿ. ಪವರ್ ಆಫ್ ಇರುವಾಗಲೇ ನೀಲಿಯನ್ನು ಹೊಸ ಥರ್ಮೋಸ್ಟಾಟ್‌ನ ಸಿಗೆ ಹಾಕಿ. ಓ/ಬಿಯಲ್ಲಿ ಕಿತ್ತಳೆ ಒಂದೇ ಇರಲಿ. ತಂತಿಯ ತುದಿಯ ತಾಮ್ರ ತೂತಿನಿಂದ ಹೊರಗೆ ಇಣುಕಬಾರದು, ಪಕ್ಕದ ತಂತಿಗೆ ತಾಗಬಾರದು. ಸಿ ಸಿಕ್ಕಿದ್ದು ನಿಮ್ಮ ಅದೃಷ್ಟ. ವೈಫೈ ಥರ್ಮೋಸ್ಟಾಟ್‌ಗಳಿಗೆ ಸದಾ ಕರೆಂಟು ಬೇಕು. ಸಿ ಇಲ್ಲದಿದ್ದರೆ ಕೆಲವು ಮಾಡೆಲ್‌ಗಳು ಬೇರೆ ತಂತಿಯಿಂದ ಕದ್ದು ಬದುಕುತ್ತವೆ. ಆಗ ಕಾಂಟ್ಯಾಕ್ಟರ್ ಟಕಟಕ ಅನ್ನುವುದು, ಸ್ಕ್ರೀನ್ ಆಗಾಗ ಹೋಗಿ ಬರುವುದು ಶುರುವಾಗುತ್ತದೆ.

ಮಲ್ಟಿಮೀಟರ್ ಇದ್ದರೆ ಏಸಿ ವೋಲ್ಟ್‌ಗೆ ಇಟ್ಟು, ಪವರ್ ಬಂದ ಮೇಲೆ ಥರ್ಮೋಸ್ಟಾಟ್ ಹತ್ತಿರ ಆರ್ ಮತ್ತು ಸಿ ನಡುವೆ ನೋಡಿ. 24ರಿಂದ 28 ಬಂದರೆ ಟ್ರಾನ್ಸ್‌ಫಾರ್ಮರ್ ಚೆನ್ನಾಗಿದೆ.

ಮಲೆನಾಡು_ಕ್ಯಾರಿ | 9:20

26.4 ಬಂತು. ಸ್ಕ್ರೀನ್ ಬಂತು. ಹೊರಗಿನ ಯೂನಿಟ್ ಐದು ನಿಮಿಷ ಬಿಟ್ಟು ಶುರುವಾಯ್ತು. ಅಮ್ಮ ಕೈ ಮುಗಿದರು.

ಆದರೆ ಸರ್, ಬರ್ತಾ ಇರೋದು ತಣ್ಣನೆ ಗಾಳಿ. ಇಪ್ಪತ್ತು ನಿಮಿಷ ಆಯ್ತು. 61ಕ್ಕೆ ಇಳಿದಿದೆ. ಸ್ಕ್ರೀನ್ ಮೇಲೆ ಹೀಟಿಂಗ್ ಅಂತಲೇ ತೋರಿಸುತ್ತಿದೆ.

ಭದ್ರಾವತಿ_ಡಿಪ್ಲೊಮಾ | 9:23

ತಕ್ಷಣ ಆಫ್ ಮಾಡಿ. ಇಂಥ ಚಳಿಯಲ್ಲಿ ಕೂಲಿಂಗ್ ಓಡಿಸುವುದು ಕಂಪ್ರೆಸರ್‌ಗೆ ಒಳ್ಳೆಯದಲ್ಲ. ಐದು ನಿಮಿಷದ್ದು ತೊಂದರೆ ಅಲ್ಲ, ಕಂಪ್ರೆಸರ್ ಕಾಪಾಡಲು ಬೇಕಂತಲೇ ಇಟ್ಟಿರುವ ತಡ.

ಸೆಟ್ಟಿಂಗ್‌ನಲ್ಲಿ ಇನ್ನೂ ಬಿ ಅಂತಲೇ ಇರಬೇಕು. ಅದನ್ನು ಓಗೆ ಬದಲಿಸಿ. ರಿವರ್ಸಿಂಗ್ ವಾಲ್ವ್ ಅಂದರೆ ಪಂಪಿನ ಪೈಪುಗಳೊಳಗಿನ ಗ್ಯಾಸ್ (ಫ್ರಿಜ್‌ನಲ್ಲಿ ಇರುವಂಥದ್ದು, ಒಲೆಯದ್ದಲ್ಲ) ಯಾವ ಕಡೆ ಹರಿಯಬೇಕು ಅಂತ ತಿರುಗಿಸುವ ಕವಾಟ. ಓ ಅಂದರೆ ಕೂಲಿಂಗ್‌ನಲ್ಲಿ ಅದಕ್ಕೆ ಕರೆಂಟು ಕೊಡು ಅಂತ. ಬಿ ಅಂದರೆ ಹೀಟಿಂಗ್‌ನಲ್ಲಿ ಕೊಡು ಅಂತ. ನಿಮ್ಮದು ಓ. ಥರ್ಮೋಸ್ಟಾಟ್ ಬಿ ಅಂದುಕೊಂಡು ಹೀಟ್‌ನಲ್ಲಿ ಕರೆಂಟು ಕೊಡುತ್ತಿದೆ, ಹಾಗಾಗಿ ಪಂಪು ಮನೆಯ ಬಿಸಿಯನ್ನೇ ಎಳೆದು ಹೊರಗೆ ಹಾಕುತ್ತಿದೆ.

ಬದಲಿಸಿ ಹೀಟ್ ಹಾಕಿದ ಮೇಲೆ ಹತ್ತು ನಿಮಿಷ ಬಿಟ್ಟು ಹೊರಗೆ ಹೋಗಿ ನೋಡಿ. ಯೂನಿಟ್‌ಗೆ ಎರಡು ತಾಮ್ರದ ಪೈಪು ಸೇರಿರುತ್ತವೆ. ದಪ್ಪನೆಯದರ ಮೇಲಿನ ಕಪ್ಪು ಸ್ಪಂಜು ಮುಗಿದು ತಾಮ್ರ ಕಾಣುವ ಕಡೆ ಬೆರಳ ತುದಿಯಿಂದ ಸುಮ್ನೆ ಒಂದು ಕ್ಷಣ ತಾಗಿಸಿ. ಹೀಟಿಂಗ್‌ನಲ್ಲಿ ಅದು ಸುಡುವಷ್ಟು ಬಿಸಿ ಇರುತ್ತದೆ, ಹಿಡಿದುಕೊಳ್ಳಬೇಡಿ. ತಣ್ಣಗಿದ್ದರೆ ಇನ್ನೂ ಕೂಲಿಂಗ್‌ನಲ್ಲೇ ಇದೆ ಅಂತ ಅರ್ಥ.

ಮಲೆನಾಡು_ಕ್ಯಾರಿ | 9:58

ಪೈಪು ಬಿಸಿ! ಬದಲಿಸಿ ಹೀಟ್ ಹಾಕಿದಾಗ ಹೊರಗಿನಿಂದ ಛಿಸ್ ಅಂತ ಒಂದು ಶಬ್ದ ಬಂತು, ಹೆದರಿಕೆ ಆಯ್ತು. ಅದು ವಾಲ್ವ್ ತಿರುಗಿದ್ದು ಅಂತ ಈಗ ಗೊತ್ತಾಯ್ತು. ಒಳಗೆ 63 ಆಗಿದೆ, ಏರ್ತಾ ಇದೆ. ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಾಳೆ ಬರೆಯುತ್ತೇನೆ.

ಅಟ್ಲಾಂಟಾ_ರಾಮನಗರ | ಭಾನುವಾರ ಬೆಳಗ್ಗೆ 8:10

ಒಳ್ಳೆ ಸುದ್ದಿ ಅಕ್ಕ. ಫ್ಯೂಸ್ ಮಾತು ಬಂತಲ್ಲ, ನಮ್ಮನೆ ಕಥೆಯನ್ನೂ ಇಲ್ಲೇ ಹೇಳ್ತೀನಿ, ಮುಂದೆ ಹುಡುಕುವವರಿಗೆ ಬೇಕಾಗಬಹುದು.

ನಾವು ಥರ್ಮೋಸ್ಟಾಟ್ ಮುಟ್ಟಿಯೇ ಇರಲಿಲ್ಲ. ಹೋದ ವರ್ಷ ಫ್ಯೂಸ್ ಹಾಕಿದಷ್ಟೂ ಹೋಗ್ತಿತ್ತು. ಮನೆಗೆ ಬಂದ ಒಬ್ಬ ಕೆಲಸದವರು ಬೋರ್ಡೇ ಹೋಗಿದೆ, ಬದಲಿಸಬೇಕು ಅಂದರು. ದೊಡ್ಡ ಮೊತ್ತ. ನಂಗೆ ಮನಸ್ಸು ಒಪ್ಪಲಿಲ್ಲ. ಆಗ ಬೇರೆ ಬೇರೆ ಮಾಡಿ ನೋಡಿದೆ. ಪವರ್ ಆಫ್ ಮಾಡಿ, ಒಳಗಿನ ಬೋರ್ಡಿನಿಂದ ಹೊರಗಿನ ಯೂನಿಟ್‌ಗೆ ಹೋಗುವ ಸಣ್ಣ ತಂತಿಗಳನ್ನೆಲ್ಲ ಬಿಚ್ಚಿ ಟೇಪ್ ಸುತ್ತಿದೆ. ಹೊಸ ಫ್ಯೂಸ್ ಹಾಕಿ ಪವರ್ ಕೊಟ್ಟೆ, ಫ್ಯಾನ್ ಓಡಿತು, ಫ್ಯೂಸ್ ಉಳಿಯಿತು. ಅಂದ ಮೇಲೆ ತೊಂದರೆ ಹೊರಗೆ. ಮತ್ತೆ ಆಫ್ ಮಾಡಿ ಒಂದೊಂದೇ ಜೋಡಿಸುತ್ತಾ ಬಂದೆ. ಹಳದಿ ಸೇರಿಸಿ ಹೀಟ್ ಹಾಕಿದ ಕೂಡಲೇ ಫ್ಯೂಸ್ ಹೋಯ್ತು.

ಹೊರಗೆ ಹೋಗಿ ಮಂಡಿಯೂರಿ ನೋಡಿದರೆ, ಗೋಡೆಯಿಂದ ಯೂನಿಟ್‌ಗೆ ಹೋಗುವ ಬೂದು ಬಣ್ಣದ ಸಣ್ಣ ಕೇಬಲ್ ನೆಲಕ್ಕೆ ತಾಗಿಕೊಂಡಿತ್ತು. ಹುಲ್ಲು ಕತ್ತರಿಸುವ ಯಂತ್ರದ ದಾರ ಅದರ ಮೇಲೆ ಎಷ್ಟು ಸಲ ಹೊಡೆದಿದೆಯೋ, ಸಿಪ್ಪೆ ಹರಿದು ಹಳದಿ ಮತ್ತು ಕಾಮನ್‌ನ ತಾಮ್ರ ಒಂದಕ್ಕೊಂದು ಅಂಟಿ ಹಸಿರು ಪಾಚಿ ಹಿಡಿದಿತ್ತು. ಎರಡು ಇಂಚು ಕತ್ತರಿಸಿ, ಮಳೆಗೆ ನಿಲ್ಲುವ ಕನೆಕ್ಟರ್ ಹಾಕಿ, ಇಡೀ ಕೇಬಲ್ಲನ್ನು ಪ್ಲಾಸ್ಟಿಕ್ ಪೈಪಿನೊಳಗೆ ತೂರಿಸಿದೆ. ಬೋರ್ಡು ಇವತ್ತಿಗೂ ಹಳೆಯದೇ.

ಭದ್ರಾವತಿ_ಡಿಪ್ಲೊಮಾ | 8:45

ರಾಮನಗರದವರೇ, ಹುಡುಕುವ ಸರಿಯಾದ ದಾರಿ ಇದೇ. ಅಂದಾಜಿನ ಮೇಲೆ ಬೋರ್ಡು ಬದಲಿಸಿದ್ದರೆ ಹೊಸ ಬೋರ್ಡಿನ ಫ್ಯೂಸ್ ಕೂಡ ಹೋಗುತ್ತಿತ್ತು. ನಾಯಿ, ಇಲಿ, ಅಳಿಲು ಕಚ್ಚಿರುವುದನ್ನೂ ನೋಡಿದ್ದೇನೆ. ಕೇಬಲ್ ಚೆನ್ನಾಗಿದ್ದರೆ ಮುಂದಿನ ಅನುಮಾನ ಕಾಂಟ್ಯಾಕ್ಟರ್‌ನ ಸುರುಳಿ. ಎರಡೂ ತಂತಿ ಬಿಚ್ಚಿ ಓಮ್‌ನಲ್ಲಿ ಅಳೆದರೆ ಒಳ್ಳೆಯದು ಸಾಮಾನ್ಯವಾಗಿ ಹತ್ತರ ಮೇಲೆ ತೋರಿಸುತ್ತದೆ. ಸೊನ್ನೆಯ ಹತ್ತಿರ ಬಂದರೆ ಶಾರ್ಟ್.

ಆದರೆ ಎಲ್ಲರಿಗೂ ಒಂದು ಕೋರಿಕೆ. ಹೊರಗಿನ ಯೂನಿಟ್‌ನ ಮುಚ್ಚಳದೊಳಗೆ ಕೆಪಾಸಿಟರ್ ಇದೆ. ಪವರ್ ಆಫ್ ಆದ ಮೇಲೂ ಅದರಲ್ಲಿ ಕರೆಂಟು ನಿಂತಿರುತ್ತದೆ. ಅಭ್ಯಾಸ ಇಲ್ಲದವರು ಕೇಬಲ್ ಮಟ್ಟಕ್ಕೇ ನಿಲ್ಲಿಸಿ.

ಡಾಲಸ್_ದಾವಣಗೆರೆ | 9:30

ಸರ್, ನಮ್ಮಲ್ಲಿ ಬೇಸಿಗೆಯಲ್ಲಿ ಸ್ಕ್ರೀನ್ ಕತ್ತಲಾಗಿತ್ತು. ಫ್ಯೂಸ್ ಚೆನ್ನಾಗಿತ್ತು. ಒಂದು ದಿನ ಬಿಟ್ಟು ತಾನೇ ಬಂತು. ಅದೇನಿರಬಹುದು?

ಭದ್ರಾವತಿ_ಡಿಪ್ಲೊಮಾ | 9:50

ಅಟ್ಟದಲ್ಲಿ ಒಳಗಿನ ಯೂನಿಟ್ ಇದೆಯಾ? ಅದರ ಕೆಳಗಿನ ತಟ್ಟೆಯಲ್ಲಿ ನೀರು ನಿಂತಿತ್ತು ಅನ್ನಿಸುತ್ತದೆ. ಕೂಲಿಂಗ್‌ನಲ್ಲಿ ಇಳಿಯುವ ನೀರು ಹೋಗುವ ಪೈಪು ಪಾಚಿ ಕಟ್ಟಿದರೆ ತಟ್ಟೆ ತುಂಬುತ್ತದೆ. ಅಲ್ಲೊಂದು ತೇಲುವ ಸ್ವಿಚ್ ಇರುತ್ತದೆ, ನೀರು ಏರಿದರೆ ಅದು ಕರೆಂಟು ಕಡಿಯುತ್ತದೆ. ಅದನ್ನು ಕೆಂಪು ತಂತಿಯ ದಾರಿಯಲ್ಲಿ ಕೂರಿಸಿದ್ದರೆ ಥರ್ಮೋಸ್ಟಾಟ್ ಕತ್ತಲಾಗುತ್ತದೆ. ಹಳದಿಯ ದಾರಿಯಲ್ಲಿದ್ದರೆ ಸ್ಕ್ರೀನ್ ಇರುತ್ತದೆ, ಫ್ಯಾನ್ ಓಡುತ್ತದೆ, ಕಂಪ್ರೆಸರ್ ಮಾತ್ರ ಏಳುವುದಿಲ್ಲ. ನೀರು ಆರಿದ ಮೇಲೆ ತಾನೇ ಬಂದಿದೆ. ಈ ಬೇಸಿಗೆಗೆ ಮೊದಲು ಆ ಪೈಪು ತೊಳೆಸಿ, ಇಲ್ಲದಿದ್ದರೆ ಚಾವಣಿಯಲ್ಲಿ ಕಂದು ಕಲೆ ಕಾಣುತ್ತದೆ.

ಮಲೆನಾಡು_ಕ್ಯಾರಿ | ಮಂಗಳವಾರ ಬೆಳಗ್ಗೆ 7:15

ಮತ್ತೆ ಬಂದೆ. ಹಗಲು ಮನೆ 68ಕ್ಕೆ ನಿಲ್ಲುತ್ತಿದೆ, ಆದರೆ ಎರಡು ಪ್ರಶ್ನೆ.

ಇವತ್ತು ಬೆಳಗ್ಗೆ ಅಪ್ಪ ಮಂಕಿ ಕ್ಯಾಪ್ ಹಾಕಿ ಹಿತ್ತಿಲಿಗೆ ಹೋದವರು ಓಡಿ ಬಂದರು. ಯೂನಿಟ್‌ನಿಂದ ಹೊಗೆ ಬರ್ತಿದೆ ಅಂದರು. ನಾನೂ ನೋಡಿದೆ. ಸುತ್ತ ಬಿಳಿ ಮಂಜು ಹಿಡಿದಿತ್ತು. ಮೇಲಿನ ಫ್ಯಾನ್ ನಿಂತಿತ್ತು, ಆದರೆ ಒಳಗಿನಿಂದ ಗುರ್ ಅಂತ ಶಬ್ದ ಬರ್ತಿತ್ತು. ಬಚ್ಚಲೊಲೆ ಹಂಡೆಯ ಮುಚ್ಚಳ ತೆಗೆದ ಹಾಗೆ ದಪ್ಪ ಬಿಳಿ ಆವಿ ಮೇಲೆ ಏಳುತ್ತಿತ್ತು. ಆರೇಳು ನಿಮಿಷಕ್ಕೆ ಮಂಜೆಲ್ಲ ನೀರಾಗಿ ಇಳಿದು, ಛಿಸ್ ಅಂದು, ಫ್ಯಾನ್ ಮತ್ತೆ ತಿರುಗಿತು.

ಎರಡನೆಯದು, ಬೆಳಗ್ಗೆ ಹೊತ್ತು ಸ್ಕ್ರೀನ್ ಮೇಲೆ ಆಕ್ಸ್ ಅಂತ ಒಂದು ಗಂಟೆಯಾದರೂ ಇರುತ್ತೆ. ರಾತ್ರಿ 62ಕ್ಕೆ ಇಳಿಸಿ ಬೆಳಗ್ಗೆ 6ಕ್ಕೆ 69ಕ್ಕೆ ಏರುವ ಹಾಗೆ ಇಟ್ಟಿದ್ದೇನೆ, ಉಳಿತಾಯ ಆಗಲಿ ಅಂತ. ಅಮ್ಮ ಬೇರೆ ಸಮಯದಲ್ಲಿ ಗಾಳಿ ಬಿಸಿಯೇ ಇಲ್ಲ, ಆಕ್ಸ್ ಇದ್ದಾಗ ಮಾತ್ರ ಬಿಸಿ ಅಂತಾರೆ.

ಭದ್ರಾವತಿ_ಡಿಪ್ಲೊಮಾ | 12:30

ಅಪ್ಪನವರಿಗೆ ಹೇಳಿ, ಅದು ಹೊಗೆ ಅಲ್ಲ, ಆವಿ. ಚಳಿಯಲ್ಲಿ ಹೊರಗಿನ ಸುರುಳಿಯ ಮೇಲೆ ಮಂಜು ಕಟ್ಟುತ್ತದೆ. ಅದನ್ನು ಕರಗಿಸಲು ಪಂಪು ಸ್ವಲ್ಪ ಹೊತ್ತು ಕೂಲಿಂಗ್‌ಗೆ ತಿರುಗಿ ಬಿಸಿ ಗ್ಯಾಸನ್ನು ಹೊರಕ್ಕೆ ಕಳಿಸುತ್ತದೆ. ಇದಕ್ಕೆ ಡಿಫ್ರಾಸ್ಟ್ ಅನ್ನುತ್ತೇವೆ. ಅಷ್ಟು ಹೊತ್ತು ಮನೆಯೊಳಗೆ ತಣ್ಣಗಾಗದಿರಲಿ ಅಂತ ಆಕ್ಸ್ ಬರುತ್ತದೆ. ಮಂಜು ಕರಗದೆ ಗಟ್ಟಿ ಐಸ್ ಆಗಿ ದಿನವಿಡೀ ಹಾಗೇ ಇದ್ದರೆ ಮಾತ್ರ ಚಿಂತೆ ಮಾಡಿ.

ಇನ್ನು ಆಕ್ಸ್. ಒಳಗಿನ ಯೂನಿಟ್‌ನಲ್ಲಿ ಇರುವ ಕಾಯಿಲ್‌ಗಳು, ನಮ್ಮೂರಿನ ಕಾಯಿಲ್ ಒಲೆಯ ದೊಡ್ಡಣ್ಣ ಅಂದುಕೊಳ್ಳಿ. 10 ಕಿಲೋವ್ಯಾಟ್ ಇದ್ದರೆ ಒಂದು ಗಂಟೆಗೆ 10 ಯೂನಿಟ್ ಕರೆಂಟು. ಅಷ್ಟೇ ಬಿಸಿಯನ್ನು ಪಂಪು ಹದವಾದ ಚಳಿಯಲ್ಲಿ 3ರಿಂದ 4 ಯೂನಿಟ್‌ನಲ್ಲಿ ಕೊಡುತ್ತದೆ. ಪಂಪು ಬಿಸಿಯನ್ನು ಹುಟ್ಟಿಸುವುದಿಲ್ಲ, ಹೊರಗಿನ ಗಾಳಿಯಿಂದ ಎತ್ತಿ ಒಳಗೆ ತರುತ್ತದೆ. ಅದಕ್ಕೇ ಇಷ್ಟು ಉಳಿತಾಯ.

ರಾತ್ರಿ ಏಳು ಡಿಗ್ರಿ ಇಳಿಸಿ ಬೆಳಗ್ಗೆ ಒಮ್ಮೆಲೇ ಏರಿಸಿದರೆ ಪಂಪಿಗೆ ಅಷ್ಟು ಬೇಗ ಆಗುವುದಿಲ್ಲ. ಥರ್ಮೋಸ್ಟಾಟ್ ಆಕ್ಸ್ ಕರೆಯುತ್ತದೆ. ರಾತ್ರಿ ಉಳಿಸಿದ್ದೆಲ್ಲ ಬೆಳಗ್ಗೆ ಹೋಗುತ್ತದೆ. ಗ್ಯಾಸ್ ಫರ್ನೇಸ್ ಇದ್ದವರಿಗೆ ರಾತ್ರಿ ಇಳಿಸುವುದು ಸರಿ, ನಿಮಗೆ ಅಲ್ಲ. ದಿನಪೂರ್ತಿ 68ಕ್ಕೆ ಇಟ್ಟುಬಿಡಿ, ಹೆಚ್ಚೆಂದರೆ ಎರಡು ಡಿಗ್ರಿ ಇಳಿಸಿ. ಸೆಟ್ಟಿಂಗ್‌ನಲ್ಲಿ ಆಕ್ಸ್‌ಗೆ ಹೊರಗಿನ ತಾಪಮಾನದ ಮಿತಿ ಇರುತ್ತದೆ. ಅದನ್ನು 40 ಡಿಗ್ರಿಗೆ ಇಡಿ. ಹೊರಗೆ ಅದಕ್ಕಿಂತ ಬೆಚ್ಚಗಿದ್ದರೆ ಆಕ್ಸ್ ಬರುವುದಿಲ್ಲ.

ಎಮರ್ಜೆನ್ಸಿ ಹೀಟ್ ಅಂತ ಒಂದು ಗುಂಡಿ ಇದೆ. ಅದು ಪಂಪನ್ನು ಪೂರ್ತಿ ನಿಲ್ಲಿಸಿ ಕಾಯಿಲ್‌ ಮೇಲೇ ಮನೆ ನಡೆಸುತ್ತದೆ. ಹೊರಗಿನ ಯೂನಿಟ್ ಕೆಟ್ಟಾಗ ಮಾತ್ರ ಅದು. ತುಂಬಾ ಚಳಿ ಅಂತ ಹಾಕಿ ಮರೆತು, ತಿಂಗಳ ಕೊನೆಗೆ ಬಿಲ್ಲು ನೋಡಿ ಕಣ್ಣೀರು ಹಾಕಿದವರ ಮನೆಗೆ ಹೋಗಿದ್ದೇನೆ. ತುಂಬಾ ಸಂಕಟ ಆಗುತ್ತದೆ.

ಅಮ್ಮನವರು ಹೇಳಿದ್ದೂ ನಿಜವೇ. ಪಂಪಿನ ಗಾಳಿ ಜಾಲರಿಯ ಹತ್ತಿರ 90ರಿಂದ 100 ಡಿಗ್ರಿ ಇರುತ್ತದೆ. ನಮ್ಮ ಮೈಯೇ 98. ಹಾಗಾಗಿ ಕೈಗೆ ಬಿಸಿ ಅನ್ನಿಸುವುದಿಲ್ಲ. ಗಾಳಿ ಎಷ್ಟು ಬಿಸಿ ಅಂತ ನೋಡಬೇಡಿ, ಕೋಣೆ 68ಕ್ಕೆ ನಿಂತಿದೆಯಾ ನೋಡಿ. ಅಮ್ಮನವರ ಕುರ್ಚಿಯನ್ನು ಜಾಲರಿಯ ನೇರದಿಂದ ಸ್ವಲ್ಪ ಸರಿಸಿ.

ರೆಡಿಂಗ್_ಹಾಸನ | ಮಂಗಳವಾರ ಸಂಜೆ 6:40

ಇಂಗ್ಲೆಂಡಿನಲ್ಲಿರುವ ಕನ್ನಡಿಗರಿಗೆ ಒಂದು ಮಾತು. ಇಲ್ಲಿನ ತಂತಿಯ ಲೆಕ್ಕ ನೋಡಿ ನಮ್ಮ ಮನೆಗಳಲ್ಲಿ ಕೈ ಹಾಕಬೇಡಿ. ನಮ್ಮಲ್ಲಿ ಹೆಚ್ಚಿನ ಪಂಪುಗಳು ನೀರು ಬಿಸಿ ಮಾಡಿ ರೇಡಿಯೇಟರ್‌ಗೆ ಕಳಿಸುವಂಥವು. ಗೋಡೆಯ ಥರ್ಮೋಸ್ಟಾಟ್‌ನ ತಂತಿಯಲ್ಲೇ 230 ವೋಲ್ಟ್ ಇರಬಹುದು. 24 ಅಂದುಕೊಂಡು ಮುಟ್ಟಿದರೆ ಜೀವಕ್ಕೆ ಅಪಾಯ.

ಡಾಲಸ್_ದಾವಣಗೆರೆ | 8:05

ಭದ್ರಾವತಿ ಸರ್, ನಮ್ಮದರಲ್ಲಿ ನಾಲ್ಕೇ ತಂತಿ ಇದೆ. ಏ, ಬಿ, ಸಿ, ಡಿ ಅಂತ ಬರೆದಿದೆ. ಅದಕ್ಕೂ ಈ ವೈಫೈ ಥರ್ಮೋಸ್ಟಾಟ್ ಹಾಕಬಹುದಾ?

ಭದ್ರಾವತಿ_ಡಿಪ್ಲೊಮಾ | 8:20

ಹಾಕಬೇಡಿ. ಅದರಲ್ಲಿ ಥರ್ಮೋಸ್ಟಾಟ್ ಮತ್ತು ಯೂನಿಟ್ ಒಂದಕ್ಕೊಂದು ಮಾತಾಡುತ್ತವೆ, ಬರೀ ಆನ್ ಆಫ್ ಅಲ್ಲ. ಆ ಕಂಪನಿಯ ಥರ್ಮೋಸ್ಟಾಟೇ ಬೇಕು. ಅಲ್ಲಿನ ಬಿಗೂ ಮೇಲೆ ಹೇಳಿದ ಬಿಗೂ ಸಂಬಂಧವೇ ಇಲ್ಲ.

ಮಲೆನಾಡು_ಕ್ಯಾರಿ | ಭಾನುವಾರ ಸಂಜೆ 4:30

ಐದು ದಿನದಿಂದ ಒಂದೇ 68ಕ್ಕೆ ಇಟ್ಟಿದ್ದೇನೆ. ಆಕ್ಸ್ ಡಿಫ್ರಾಸ್ಟ್ ಆಗುವಾಗ ಬಿಟ್ಟರೆ ಕಾಣಿಸಿಲ್ಲ. ಅಮ್ಮನ ಕುರ್ಚಿ ಕಿಟಕಿ ಪಕ್ಕ ಹೋಯ್ತು, ಬಿಸಿಲೂ ಬರುತ್ತೆ ಅಂತ ಖುಷಿ.

ಅಪ್ಪ ಒಂದು ಕೆಲಸ ಮಾಡಿದರು. ಒಂದು ರಟ್ಟಿನ ಮೇಲೆ ಕನ್ನಡದಲ್ಲಿ ದೊಡ್ಡದಾಗಿ ಬರೆದು ಒಳಗಿನ ಯೂನಿಟ್‌ನ ಮುಚ್ಚಳಕ್ಕೆ ಅಂಟಿಸಿದ್ದಾರೆ. ಕೆಂಪು ಆರ್, ನೀಲಿ ಸಿ, ಕಿತ್ತಳೆ ಓ, ಹಳದಿ ವೈ, ಹಸಿರು ಜಿ, ಬಿಳಿ ಡಬ್ಲ್ಯೂ2. ಕೆಳಗೆ, ಸೆಟ್ಟಿಂಗ್ ಓ, ಬಿ ಅಲ್ಲ. ಫ್ಯೂಸ್ 3, ನೇರಳೆ. ಉಳಿದ ನಾಲ್ಕು ಫ್ಯೂಸನ್ನು ಪುಟ್ಟ ಕವರಿನಲ್ಲಿ ಹಾಕಿ ಅದರ ಪಕ್ಕದಲ್ಲೇ ಟೇಪ್ ಮಾಡಿದ್ದಾರೆ.

ಭದ್ರಾವತಿ_ಡಿಪ್ಲೊಮಾ | 5:10

ಅಪ್ಪನವರಿಗೆ ನನ್ನ ನಮಸ್ಕಾರ ತಿಳಿಸಿ. ಎಷ್ಟೋ ಮನೆಗಳಲ್ಲಿ ಇಂಥದ್ದೊಂದು ರಟ್ಟು ಇದ್ದಿದ್ದರೆ ನನ್ನ ಅರ್ಧ ಗಂಟೆ ಉಳಿಯುತ್ತಿತ್ತು.

ಅದರಲ್ಲೇ ಇನ್ನೊಂದು ಸಾಲು ಸೇರಿಸಲು ಹೇಳಿ. ಏಪ್ರಿಲ್‌ನಲ್ಲಿ ಮೊದಲ ಸಲ ಕೂಲ್‌ಗೆ ಹಾಕಿದಾಗ ಹತ್ತು ನಿಮಿಷ ಬಿಟ್ಟು ಅದೇ ದಪ್ಪ ಪೈಪು ಮುಟ್ಟಿ ನೋಡಿ. ಈ ಸಲ ಅದು ತಣ್ಣಗೆ, ಬೆವರಿದ ಹಾಗೆ ಒದ್ದೆಯಾಗಿರಬೇಕು. ಬಿಸಿ ಇದ್ದರೆ ಕಿತ್ತಳೆ ತಂತಿ ತೂತಿನಲ್ಲಿ ಸರಿಯಾಗಿ ಕೂತಿದೆಯಾ ಅಂತ ಒಂದು ಸಲ ಎಳೆದು ನೋಡಿ, ಪವರ್ ಆಫ್ ಮಾಡಿಯೇ.